ಒಗರು ಅಂದರೆ ಸಾಕು

ನಿಮ್ಮೆಲ್ಲರ ಮುಂದೆ ಮೂರು ಪೇಪರ್ ಲೋಟ ಇಟ್ಟಿದ್ದೇವೆ. ಯಾವುದರಲ್ಲೂ ವೈನ್ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದರಲ್ಲಿ ಹಾಲು, ಸಕ್ಕರೆ ಏನೂ ಇಲ್ಲದ ಟೀ. ಹತ್ತು ನಿಮಿಷ ಟೀಪುಡಿಯನ್ನು ಬಿಸಿನೀರಲ್ಲೇ ಬಿಟ್ಟು ಕಡು ಮಾಡಿದ್ದು. ಎರಡನೆಯದರಲ್ಲಿ ನಿಂಬೆಹಣ್ಣು ಹಿಂಡಿದ ನೀರು. ಮೂರನೆಯದೂ ಅದೇ ನೀರು, ಅಷ್ಟೇ ನಿಂಬೆ, ಆದರೆ ಸಕ್ಕರೆ ಬಿದ್ದಿದೆ. ನಾನು ಹೇಳುವವರೆಗೆ ಮುಟ್ಟಬೇಡಿ. ಟೀಯನ್ನು ಮಾತ್ರ ಯಾರೂ ಪೂರ್ತಿ ಕುಡಿಯಬಾರದು. ಅರ್ಧ ಉಳಿಯಲಿ, ಕೊನೆಗೆ ಬೇಕು. ಅದು ಕುಡಿಯುವ ಹದಕ್ಕೆ ಬರುವುದರೊಳಗೆ ನನ್ನ ಮರ್ಯಾದೆ ಹೋದ ಕತೆ ಒಂದಿದೆ, ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ಆಫೀಸಿನವರು ಎಂಟು ಜನ ದೊಡ್ಡ ಹೋಟೆಲೊಂದಕ್ಕೆ ಊಟಕ್ಕೆ ಹೋಗಿದ್ದೆವು. ವೈನ್ ಪಟ್ಟಿ ಅಂತ ಒಂದು ದಪ್ಪ ಪುಸ್ತಕ ಬಂತು. ಕನ್ನಡಕ ಹಾಕಿದ್ದವನು ನಾನೊಬ್ಬನೇ, ಅದಕ್ಕೋ ಏನೋ, ಅದು ನೇರ ನನ್ನ ಕೈಗೇ ಬಂತು. ಎಲ್ಲ ಅರ್ಥವಾದವನ ಹಾಗೆ ನಾಲ್ಕು ಪುಟ ತಿರುಗಿಸಿ, ಬೆಲೆ ತೀರಾ ಕಮ್ಮಿಯೂ ಅಲ್ಲದ, ತೀರಾ ಜಾಸ್ತಿಯೂ ಅಲ್ಲದ ಒಂದು ಸಾಲಿನ ಮೇಲೆ ಬೆರಳಿಟ್ಟೆ. ವೇಟರ್ ಬಾಟಲಿ ತಂದು, ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖದ ಹತ್ತಿರ ತೋರಿಸಿದ. ಯಾರದ್ದೋ ಮನೆಯ ಕೂಸನ್ನು ನೋಡಿದ ಹಾಗೆ "ಚೆನ್ನಾಗಿದೆ" ಅಂದೆ. ಕಾರ್ಕ್ ತೆಗೆದು ನನ್ನ ಮುಂದೆ ಇಟ್ಟ. ಅದನ್ನೇನು ಮಾಡಬೇಕೋ ಗೊತ್ತಾಗದೆ ಜೇಬಿಗೆ ಹಾಕಿಕೊಂಡೆ. ಆಮೇಲೆ ನನ್ನ ಗ್ಲಾಸಿಗೆ ಎರಡು ಚಮಚದಷ್ಟು ಸುರಿದು, ಬಾಟಲಿ ಹಿಡಿದುಕೊಂಡು ನಿಂತೇ ಬಿಟ್ಟ. ಅಷ್ಟು ದುಡ್ಡಿಗೆ ಇಷ್ಟೇನಾ ಅನ್ನಿಸಿತು. "ಪರವಾಗಿಲ್ಲ, ಇನ್ನೂ ಹಾಕಿ" ಅಂದೆ. ಆತನ ಹುಬ್ಬು ಮೇಲೇರಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೀವು ನಗುತ್ತಿದ್ದೀರಿ, ಆದರೆ ತಮಾಷೆ ಇನ್ನೂ ಮುಂದಿದೆ. ಆ ವೈನಿನಿಂದ ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಬರುತ್ತಿತ್ತು. ನನಗೂ ಬಂತು, ಪಕ್ಕದವರಿಗೂ ಬಂದೇ ಇರಬೇಕು. ಯಾರೂ ಬಾಯಿ ಬಿಡಲಿಲ್ಲ. ದುಬಾರಿ ವೈನ್ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡೆವು. ಒಬ್ಬರಂತೂ "ಮಣ್ಣಿನ ಗುಣ ಇದೆ" ಅಂದರು. ಎಂಟು ಜನ ಸೇರಿ ಕೆಟ್ಟ ವೈನನ್ನು ಹೊಗಳಿ ಹೊಗಳಿ ಕುಡಿದು ಮುಗಿಸಿದೆವು.

ಅದು ಕೆಟ್ಟಿತ್ತು ಅಂತ ಗೊತ್ತಾಗಲು ನನಗೆ ವರ್ಷಗಳೇ ಹಿಡಿದವು. ಕಾರ್ಕ್ ಅಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಅದಕ್ಕೆ ಬೂಷ್ಟು ತಗುಲಿದಾಗ ಟಿಸಿಎ ಅನ್ನುವ ರಾಸಾಯನಿಕ ಹುಟ್ಟಬಹುದು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲನ್ನು ಒಂದು ಲೀಟರ್ ವೈನಿಗೆ ಹಾಕಿದರೂ ಮೂಗಿಗೆ ತಟ್ಟುತ್ತದೆ. ಕುಡಿದರೆ ಅಪಾಯವೇನೂ ಇಲ್ಲ, ಆದರೆ ಹಣ್ಣಿನ ಪರಿಮಳವನ್ನೆಲ್ಲ ಮುಚ್ಚಿಹಾಕುತ್ತದೆ. ವೇಟರ್ ಎರಡು ಚಮಚ ಸುರಿದು ಕಾಯುವುದು ಇದಕ್ಕೇ. ಹಾಲು ಕೆಟ್ಟಿದೆಯಾ ಅಂತ ಪಾತ್ರೆಗೆ ಮೂಗು ಹಚ್ಚಿ ನೋಡುತ್ತೇವಲ್ಲ, ಅಷ್ಟೇ ಕೆಲಸ. ಸರಿ ಇದ್ದರೆ ತಲೆಯಾಡಿಸಿ. ಒದ್ದೆ ರಟ್ಟು ನೆನಪಾದರೆ ಬೇರೆ ಬಾಟಲಿ ಕೇಳಿ. ಲೇಬಲ್ ತೋರಿಸುವುದು ನೀವು ಹೇಳಿದ್ದೇ ಬಂದಿದೆಯಾ ಅಂತ ನೋಡಿಕೊಳ್ಳಲಿ ಎಂದು. ಕಾರ್ಕನ್ನು ಜೇಬಿಗೆ ಹಾಕಿಕೊಳ್ಳಬೇಕಾಗಿಲ್ಲ.

ಕಾರ್ಕಿನ ಮಾತು ಬಂತಲ್ಲ, ಇದನ್ನೂ ಸೇರಿಸುತ್ತೇನೆ. ತಿರುಗಿಸಿ ತೆಗೆಯುವ ಮುಚ್ಚಳ ಕಂಡರೆ ಅಗ್ಗದ ಮಾಲು ಅಂತ ಮೂಗು ಮುರಿಯುವವರಿದ್ದಾರೆ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ಹಲವು ವೈನ್ ತಯಾರಕರು 2000ನೇ ಇಸವಿಯ ಸುಗ್ಗಿಯ ರೀಸ್ಲಿಂಗ್ ಅನ್ನುವ ವೈಟ್ ವೈನಿಗೆ ಒಟ್ಟಾಗಿ ಅದೇ ಮುಚ್ಚಳ ಹಾಕಿದರು. ಅಗ್ಗ ಅಂತ ಹಾಕಲಿಲ್ಲ, ಈ ರಟ್ಟಿನ ವಾಸನೆಯ ಕಾಟ ತಾಳಲಾರದೆ ಹಾಕಿದರು.

ಈಗ ಟೀ ಎತ್ತಿಕೊಳ್ಳಿ. ಒಂದು ಗುಟುಕು. ತಕ್ಷಣ ನುಂಗಬೇಡಿ, ಬಾಯೆಲ್ಲ ಒಮ್ಮೆ ಓಡಾಡಿಸಿ. ಈಗ ನುಂಗಿ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದೆ ಮುಂದೆ ಎಳೆಯಿರಿ. ಜಾರುತ್ತಿಲ್ಲ, ಅಲ್ವಾ? ಒಸಡಿನ ಹತ್ತಿರ ಯಾರೋ ಹಿಡಿದು ಬಿಗಿದ ಹಾಗೆ. ಇದಕ್ಕೆ ಏನನ್ನುತ್ತೀರಿ? ಹಿಂದಿನ ಸಾಲಿನಿಂದ ಯಾರೋ ಕಹಿ ಅಂದರು. ಕಹಿಯೂ ಇದೆ, ಆದರೆ ನಾನು ಕೇಳಿದ್ದು ಆ ಬಿಗಿತದ ಬಗ್ಗೆ. ಹಾಂ, ಅದೇ. ಒಗರು. ಬಲಿಯದ ಬಾಳೆಕಾಯಿ ಕಚ್ಚಿದರೂ ಹೀಗೇ ಆಗುತ್ತದೆ.

ರುಚಿ ಅನ್ನುವುದಕ್ಕಿಂತ ಇದು ಸ್ಪರ್ಶ. ಟೀ ಎಲೆಯಲ್ಲಿ, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಟ್ಯಾನಿನ್ ಅನ್ನುವ ಪದಾರ್ಥ ಇದೆ. ಅದು ಜೊಲ್ಲಿನಲ್ಲಿರುವ ಪ್ರೊಟೀನಿಗೆ ಅಂಟಿಕೊಂಡಾಗ ಜೊಲ್ಲಿನ ಜಾರುಗುಣ ಹೋಗುತ್ತದೆ, ಬಾಯಿ ಒರಟೊರಟಾಗುತ್ತದೆ. ವೈನ್ ಬಗ್ಗೆ ಬರೆಯುವವರು ಇದೊಂದನ್ನು ಹೇಳಲು ರೇಷ್ಮೆ, ಮಖಮಲ್ಲು, ಸೀಮೆಸುಣ್ಣ ಅಂತ ಏನೇನೋ ಹುಡುಕಿ ತರುತ್ತಾರೆ. ನಮ್ಮಲ್ಲಿ ಮೂರೇ ಅಕ್ಷರದ ಮಾತಿದೆ, ಮಕ್ಕಳಿಗೂ ಗೊತ್ತು. ಅದನ್ನು ಮನೆಯಲ್ಲಿ ಬಿಟ್ಟು ಬಂದು, ವೈನ್ ಭಾಷೆ ನನಗೆ ಬರುವುದಿಲ್ಲ ಅಂತ ಹೆದರಿಕೊಂಡು ಕೂರುತ್ತೇವೆ.

ಈ ಒಗರು ವೈನಿಗೆ ಎಲ್ಲಿಂದ ಬಂತು ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಕಪ್ಪು ದ್ರಾಕ್ಷಿಯನ್ನು ಕಚ್ಚಿ ಒಳಗೆ ನೋಡಿ, ತಿರುಳಿಗೆ ಬಣ್ಣವೇ ಇರುವುದಿಲ್ಲ. ಎಲ್ಲೋ ಒಂದೆರಡು ಜಾತಿ ಬಿಟ್ಟರೆ ಬಣ್ಣವೆಲ್ಲ ಸಿಪ್ಪೆಯಲ್ಲೇ. ಸಿಪ್ಪೆಯ ಸಮೇತ ಹುದುಗು ಬರಿಸಿದರೆ ರೆಡ್ ವೈನ್. ರಸವನ್ನಷ್ಟೇ ಹಿಂಡಿಕೊಂಡು ಹುದುಗಿಸಿದರೆ ವೈಟ್. ಸ್ವಲ್ಪ ಹೊತ್ತು ಸಿಪ್ಪೆಯ ಜೊತೆ ಇಟ್ಟು ಬೇರೆ ಮಾಡಿದರೆ ರೋಸೆ. ಬಿಳಿ ಶಾಂಪೇನನ್ನು ಕಪ್ಪು ದ್ರಾಕ್ಷಿಯಿಂದಲೂ ಮಾಡುತ್ತಾರೆ. ಸಿಪ್ಪೆಯಿಂದ ಬಣ್ಣದ ಜೊತೆಗೆ ಒಗರೂ ಇಳಿಯುತ್ತದೆ. ಹಾಗಾಗಿ "ನನಗೆ ರೆಡ್ ಸೇರುವುದಿಲ್ಲ" ಅನ್ನುವವರಲ್ಲಿ ಕೆಲವರಿಗಾದರೂ ಸೇರದೆ ಇರುವುದು ಒಗರು ಮಾತ್ರ. ಪಿನೋ ನ್ವಾರ್, ಗಮೇ ಅನ್ನುವ ದ್ರಾಕ್ಷಿಯ ರೆಡ್‌ಗಳಲ್ಲಿ ಸಾಮಾನ್ಯವಾಗಿ ಒಗರು ಕಮ್ಮಿ. ಕ್ಯಾಬರ್ನೆ ಸಾವಿನ್ಯೋನ್, ನೆಬ್ಬಿಯೋಲೊಗಳಲ್ಲಿ ಜಾಸ್ತಿ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. "ಒಗರು ಕಮ್ಮಿ ಇರೋ ರೆಡ್ ಕೊಡಿ" ಅಂತ ಕೇಳಿದರೆ ತಿಳಿದವರಿಗೆ ತಿಳಿಯುತ್ತದೆ.

ಎರಡನೇ ಲೋಟ. ಹುಳಿ. ಹೇಳುವುದೇನಿದೆ, ನಿಮ್ಮ ಮುಖಗಳೇ ಹೇಳುತ್ತಿವೆ. ಒಗರು ಬಾಯಿ ಒಣಗಿಸಿದರೆ ಹುಳಿ ಬಾಯಲ್ಲಿ ನೀರೂರಿಸುತ್ತದೆ. ಈಗ ಮೂರನೆಯದು. ಹುಳಿ ಎಲ್ಲಿ ಹೋಯಿತು? ನಿಂಬೆ ಅಷ್ಟೇ ಇದೆ, ನಾನೇ ಅಳೆದು ಹಾಕಿದ್ದು. ಸಕ್ಕರೆ ಅದನ್ನು ಸಮಾಧಾನ ಮಾಡಿ ಕೂರಿಸಿದೆ. ಹುಳಿಯೂ ಸಕ್ಕರೆಯನ್ನು ಹಾಗೇ ಹಿಡಿದಿಟ್ಟಿದೆ, ಇಲ್ಲದಿದ್ದರೆ ಅಷ್ಟು ಸಕ್ಕರೆಗೆ ಮುಖ ಸಿಂಡರಿಸುತ್ತಿದ್ದಿರಿ. ಕೆಲವು ರೀಸ್ಲಿಂಗ್‌ಗಳಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ, ಆದರೂ ಸಿಹಿ ಅನ್ನಿಸುವುದಿಲ್ಲ. ಹಿಂದೆ ಹುಳಿ ನಿಂತಿರುತ್ತದೆ.

ಇಲ್ಲಿ ಒಂದು ಮಾತಿನ ಗೊಂದಲ ಬಿಡಿಸಬೇಕು. ವೈನ್ "ಡ್ರೈ" ಅಂದರೆ ಬಾಯಿ ಒಣಗಿಸುತ್ತದೆ ಅಂತ ಅರ್ಥವಲ್ಲ. ಸಿಹಿ ಇಲ್ಲ ಅಂತ. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಆಲ್ಕೊಹಾಲ್ ಮಾಡಿಬಿಟ್ಟಿದೆ ಅಂತ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶಾಂಪೇನ್ ಬಾಟಲಿಯ ಮೇಲೆ "ಬ್ರೂಟ್" ಅಂತಿದ್ದರೆ ಲೀಟರಿಗೆ 12 ಗ್ರಾಮಿಗಿಂತ ಕಮ್ಮಿ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಅಂತಿದ್ದರೆ 12ರಿಂದ 17 ಗ್ರಾಮ್. ಅಂದರೆ ಹೆಚ್ಚು ಡ್ರೈ ಅಂತ ಬರೆದಿರುವುದೇ ಹೆಚ್ಚು ಸಿಹಿ! ಇದನ್ನು ನೋಡಿ ನೀವು ಗೊಂದಲಕ್ಕೆ ಬಿದ್ದರೆ ಅದು ಹೆಸರಿಟ್ಟವರ ತಪ್ಪು.

ವಾಸನೆಯ ಮಾತಿಗೆ ಬರೋಣ, ಜನ ಜಾಸ್ತಿ ಹೆದರುವುದು ಇದಕ್ಕೇ. ಪಕ್ಕದವರು ಗ್ಲಾಸಿಗೆ ಮೂಗು ಹಾಕಿ "ಕಾಳುಮೆಣಸು, ಆಮೇಲೆ ಸ್ವಲ್ಪ ದಪ್ಪ ಮೆಣಸಿನಕಾಯಿ" ಅಂತಾರೆ. ನಮಗೆ ವೈನ್ ವಾಸನೆ ಬಿಟ್ಟು ಬೇರೇನೂ ಬರುವುದಿಲ್ಲ. ಬರೀ ಬಡಾಯಿ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಓದಿದರೆ ಹಾಗಲ್ಲ. ರೊಟಂಡೋನ್ ಅಂತ ಒಂದು ಪದಾರ್ಥ ಇದೆ. ಕಾಳುಮೆಣಸಿಗೆ ಆ ವಾಸನೆ ಕೊಡುವುದೂ ಅದೇ, ಶಿರಾಜ್ ಅನ್ನುವ ದ್ರಾಕ್ಷಿಯ ಕೆಲವು ರೆಡ್ ವೈನ್‌ಗಳಲ್ಲಿ ಇರುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಇನ್ನೊಂದು ವಿಷಯವೂ ಅವರಿಗೆ ಕಂಡಿತು. ಪರೀಕ್ಷೆಗೆ ಕೂರಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ರೊಟಂಡೋನ್ ಎಷ್ಟು ಸುರಿದರೂ ವಾಸನೆಯೇ ಬರಲಿಲ್ಲ. ಅಂದರೆ ಮೆಣಸಿನ ವಾಸನೆ ಬಂತು ಅಂದವರು ಸುಳ್ಳು ಹೇಳುತ್ತಿಲ್ಲ, ಬರಲಿಲ್ಲ ಅಂದವರು ದಡ್ಡರೂ ಅಲ್ಲ. ಮೂಗುಗಳು ಬೇರೆ ಬೇರೆ. ನನ್ನದು ಯಾವ ಗುಂಪಿನದ್ದು ಅಂತ ಕೇಳಿದರೆ, ನಾನು ಆ ಐದನೆಯವನೇ ಇರಬೇಕು. ಶಿರಾಜ್‌ನಲ್ಲಿ ಮೆಣಸು ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿದ್ದ ಆ್ಯನ್ ನೋಬಲ್ 1984ರಲ್ಲಿ ಒಂದು ವಾಸನೆ ಚಕ್ರ ಮಾಡಿದರು. ದುಂಡನೆಯ ಚಿತ್ರ. ನಡುವಿನಲ್ಲಿ "ಹಣ್ಣು" ಅಂತಿದ್ದರೆ, ಅದರಾಚೆ "ನಿಂಬೆ ಜಾತಿ", ಇನ್ನೂ ಆಚೆ "ನಿಂಬೆ". ಹೀಗೆ ಒಳಗಿನಿಂದ ಹೊರಕ್ಕೆ ಹೋಗುತ್ತಾ ಹೆಸರು ಸ್ಪಷ್ಟವಾಗುತ್ತದೆ. "ಸೊಗಸಾಗಿದೆ", "ಗಂಭೀರವಾಗಿದೆ" ಅನ್ನುವಂಥ ಮಾತಿಗೆ ಆ ಚಕ್ರದಲ್ಲಿ ಜಾಗವೇ ಇಲ್ಲ. ಒದ್ದೆ ನಾಯಿಗೆ ಇದೆ. ಡೀಸೆಲ್‌ಗೆ, ಸೀಮೆಎಣ್ಣೆಗೆ, ಸುಟ್ಟ ಬೆಂಕಿಕಡ್ಡಿಗೆ ಇದೆ. ಹಳೆಯ ರೀಸ್ಲಿಂಗ್ ಮೂಸಿ ಸೀಮೆಎಣ್ಣೆ ಅಂದರೆ ಯಾರೂ ನಗುವುದಿಲ್ಲ, ಹೌದು ಅಂತ ತಲೆಯಾಡಿಸುತ್ತಾರೆ. ನಿಮಗೆ ಅಜ್ಜಿಯ ಟ್ರಂಕಿನ ವಾಸನೆ ಬಂತೇ? ಹಾಗೇ ಹೇಳಿ.

ಮೂಗು ನಾಲಿಗೆಗಳನ್ನು ನಾನು ಇಷ್ಟು ಹೊಗಳಿದೆ. ಅವುಗಳ ಮೇಲೆ ಸವಾರಿ ಮಾಡುವವರು ಇಬ್ಬರಿದ್ದಾರೆ, ಕಣ್ಣು ಮತ್ತು ಬೆಲೆ. ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಜನರಿಗೆ ವೈಟ್ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ರೆಡ್ ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಇದು. "ನೋಡಿ, ತಜ್ಞರಿಗೆ ರೆಡ್ಡು ವೈಟು ಕೂಡ ಗೊತ್ತಾಗುವುದಿಲ್ಲ" ಅಂತ ಇದನ್ನು ಹೇಳಿಕೊಂಡು ನಗುವವರಿದ್ದಾರೆ. ನನಗೆ ಆ ನಗು ಅಷ್ಟು ಹಿಡಿಸುವುದಿಲ್ಲ. ಅಲ್ಲಿ ನೋಡಿದ್ದು ವಾಸನೆಗೆ ಯಾವ ಮಾತು ಬಳಸುತ್ತಾರೆ ಅನ್ನುವುದನ್ನು. ಕಣ್ಣಿಗೆ ಕೆಂಪು ಕಂಡರೆ ಮೂಗು ಕೆಂಪು ಹಣ್ಣನ್ನೇ ಹುಡುಕುತ್ತದೆ. ನನ್ನ ಮೂಗೂ ಹಾಗೇ, ನಿಮ್ಮದೂ ಹಾಗೇ.

ಬೆಲೆಯ ಕತೆ ಇನ್ನೂ ಮಜವಾಗಿದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 20 ಜನರನ್ನು ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಕೊಳವೆಯಲ್ಲಿ ಒಂದೊಂದು ಗುಟುಕು ವೈನ್ ಬಿಟ್ಟರು. ಇದು ಐದು ಡಾಲರಿನದ್ದು, ಇದು 45 ಡಾಲರಿನದ್ದು ಅಂತ ಹೇಳುತ್ತಾ ಹೋದರು. ಅವೆರಡೂ ಒಂದೇ ವೈನ್! 45 ಅಂತ ಕೇಳಿದಾಗ ಅವರು ಹೆಚ್ಚು ಇಷ್ಟವಾಯಿತು ಅಂದರು. ಸುಮ್ನೆ ಬಾಯಿಮಾತಿಗೆ ಅಂದಿದ್ದಲ್ಲ. ಇಷ್ಟಾನಿಷ್ಟಕ್ಕೆ ಸಂಬಂಧಪಟ್ಟ ಮಿದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. 2008ರಲ್ಲಿ ಬಂದ ಈ ವರದಿ ಓದಿದ ದಿನ ನನಗೆ ನಮ್ಮ ಎಂಟು ಜನರ ಊಟ ನೆನಪಾಯಿತು. ಅವತ್ತು ಹೊಗಳಿದವರು ನಾಟಕ ಆಡಿದರು ಅಂತಲೇ ನಾನು ಅಂದುಕೊಂಡಿದ್ದೆ. ಪಾಪ, ಅವರಿಗೆ ನಿಜವಾಗಿಯೂ ಚೆನ್ನಾಗಿತ್ತೋ ಏನೋ.

ಬಾಟಲಿಯ ಲೇಬಲ್ ಕಾಣದ ಹಾಗೆ ಮುಚ್ಚಿಟ್ಟರೆ ಏನಾಗುತ್ತದೆ? 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಅದನ್ನೇ ಮಾಡಿದರು. ಅಲ್ಲಿ ವೈನ್ ಅಂಗಡಿ ಇಟ್ಟಿದ್ದ ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷ್ ವ್ಯಾಪಾರಿ, ಫ್ರಾನ್ಸಿನ ಹೆಸರಾಂತ ವೈನ್‌ಗಳ ಜೊತೆ ಕ್ಯಾಲಿಫೋರ್ನಿಯಾದ್ದನ್ನೂ ಸೇರಿಸಿ, ಯಾವುದು ಯಾವುದೆಂದು ಹೇಳದೆ ಒಂಬತ್ತು ಜನ ಫ್ರೆಂಚ್ ತೀರ್ಪುಗಾರರ ಮುಂದೆ ಇಟ್ಟರು. ಪತ್ರಕರ್ತರಲ್ಲಿ ಬಂದವರು ಟೈಮ್ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬರೇ. ಉಳಿದವರಿಗೆ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿತ್ತಲ್ಲ! ವೈಟ್‌ನಲ್ಲಿ ಮೊದಲು ಬಂದದ್ದು ಶಾಟೋ ಮಾಂಟೆಲೀನಾ 1973, ರೆಡ್‌ನಲ್ಲಿ ಸ್ಟ್ಯಾಗ್ಸ್ ಲೀಪ್ 1973. ಎರಡೂ ಕ್ಯಾಲಿಫೋರ್ನಿಯಾದವು. ಒಬ್ಬ ತೀರ್ಪುಗಾರ್ತಿ ತಾವು ಕೊಟ್ಟ ಅಂಕದ ಹಾಳೆಯನ್ನು ವಾಪಸ್ ಕೇಳಿದರಂತೆ. ಇದನ್ನು ಫ್ರಾನ್ಸಿನ ಸೋಲು ಅಂತ ಹೇಳುವುದು ವಾಡಿಕೆ. ನನಗೆ ಆ ಒಂಬತ್ತು ಜನರ ಮೇಲೆ ಗೌರವವೇ ಹೆಚ್ಚಾಗುತ್ತದೆ. ಲೇಬಲ್ ಕಾಣದಾಗ ಅವರ ನಾಲಿಗೆ ಪ್ರಾಮಾಣಿಕವಾಗಿಯೇ ಕೆಲಸ ಮಾಡಿತು.

ಮನೆಯಲ್ಲೂ ಇದನ್ನು ಆಡಬಹುದು. ನಾಲ್ಕು ಜನ ಗೆಳೆಯರು, ಮೂರು ಬಾಟಲಿ, ಹಳೆಯ ಸಾಕ್ಸ್. ತೊಳೆದ ಸಾಕ್ಸ್. ಬಾಟಲಿಗೆ ಸಾಕ್ಸ್ ತೊಡಿಸಿ ಒಂದು, ಎರಡು, ಮೂರು ಅಂತ ಚೀಟಿ ಅಂಟಿಸಿ. ಮೊದಲ ಸಲ ಆಡಿದಾಗ ನಾನೇ ಅತಿ ಹೆಚ್ಚು ದುಡ್ಡು ಕೊಟ್ಟು ತಂದ ಬಾಟಲಿಗೆ ನಾನೇ ಕೊನೆಯ ಸ್ಥಾನ ಕೊಟ್ಟೆ. ಸಾಕ್ಸ್ ಎಳೆದ ಮೇಲೆ ಇನ್ನೊಂದು ಗುಟುಕು ಕುಡಿದು "ಈಗ ಪರವಾಗಿಲ್ಲ ಅನ್ನಿಸುತ್ತಿದೆ" ಅಂದೆ. ಆ ಮಾತನ್ನು ಗೆಳೆಯರು ಇನ್ನೂ ಬಿಟ್ಟಿಲ್ಲ.

ಗುಟುಕಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬಾಟಲಿ ಅಂದರೆ 750 ಮಿಲಿಲೀಟರ್, 150ರಂತೆ ಐದು ಗ್ಲಾಸ್. ಶೇಕಡಾ 13ರ ವೈನ್ ಆದರೆ ಒಂದು ಗ್ಲಾಸಿನಲ್ಲಿ ಸುಮಾರು 15 ಗ್ರಾಮ್ ಆಲ್ಕೊಹಾಲ್. ಒಂದು ಸಣ್ಣ ಬಾಟಲಿ ಬಿಯರಿಗಿಂತ ಕಮ್ಮಿಯೇನಲ್ಲ. ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅಂತ ಕುಡಿಯುವವರಿದ್ದರೆ ದಯವಿಟ್ಟು ಆ ನೆಪ ಬಿಡಿ. ಆರೋಗ್ಯಕ್ಕೆ ಹಾನಿಯಿಲ್ಲದ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಾಗಿಲ್ಲ. ಹತ್ತಾರು ವೈನ್ ನೋಡಬೇಕಾದ ತೀರ್ಪುಗಾರರು ನುಂಗುವುದೂ ಇಲ್ಲ, ಬಕೆಟಿಗೆ ಉಗಿಯುತ್ತಾರೆ. ನೋಡಲು ಅಷ್ಟೇನೂ ಚೆಂದವಲ್ಲ, ಆದರೆ ಜಾಣತನ.

ಗ್ಲಾಸ್ ಅಲ್ಲಾಡಿಸಿ, ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ತೋರಿಸಿ "ಎಂಥಾ ವೈನ್ ನೋಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಆಲ್ಕೊಹಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಗಾಜಿನ ಮೇಲಿನ ತೆಳು ಪದರ ಮೇಲಕ್ಕೆ ಹತ್ತಿ, ಹನಿಗಟ್ಟಿ ಜಾರುತ್ತದೆ. ಜೇಮ್ಸ್ ಥಾಮ್ಸನ್ ಅನ್ನುವ ವಿಜ್ಞಾನಿ 1855ರಲ್ಲೇ ಇದನ್ನು ವಿವರಿಸಿದ್ದಾರೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಾಡಿಸುವುದು ಮಾತ್ರ ಒಳ್ಳೆಯದೇ, ವಾಸನೆ ಏಳುತ್ತದೆ. ಅದಕ್ಕೆ ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಬೇಕು, ಇಲ್ಲದಿದ್ದರೆ ಅಂಗಿಗೆ.

ಒಂದು ವಿಷಯದಲ್ಲಿ ಮಾತ್ರ ನಾನೂ ಸ್ವಲ್ಪ ಹಟಮಾರಿ. ಬಿಸಿ, ತಂಪಿನ ವಿಷಯ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಹೇಳಿದವರ ಕೋಣೆಗಳು ತಣ್ಣಗಿದ್ದವು. ಅವರ ಲೆಕ್ಕ 15ರಿಂದ 18 ಡಿಗ್ರಿ. ಕೋಣೆ 28 ಡಿಗ್ರಿ ಇದ್ದರೆ ರೆಡ್‌ನಲ್ಲಿ ಆಲ್ಕೊಹಾಲಿನ ಘಾಟೇ ಮುಂದೆ ಬರುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ವೈಟನ್ನು ನಾವು ಇದಕ್ಕೆ ಉಲ್ಟಾ, ಮಂಜುಗಡ್ಡೆಯ ಹಾಗೆ ಮಾಡಿ ಕುಡಿಯುತ್ತೇವೆ. ಆಗ ವಾಸನೆಯೇ ಏಳುವುದಿಲ್ಲ. ಹತ್ತು ಡಿಗ್ರಿ ಆಸುಪಾಸು ಸಾಕು. ಆದರೆ ಒಗರು ಜಾಸ್ತಿ ಇರುವ ರೆಡ್ಡನ್ನು ತೀರಾ ತಣ್ಣಗೆ ಮಾಡಬೇಡಿ. ಯಾಕೆ ಅಂತ ನಾನು ಹೇಳುವುದಿಲ್ಲ. ಉಳಿಸಿಕೊಂಡ ಟೀ ಇದೆಯಲ್ಲ, ಅದು ಈಗ ಪೂರ್ತಿ ಆರಿದೆ. ಮೊದಲಿನ ಹಾಗೇ ಒಂದು ಗುಟುಕು ಬಾಯಲ್ಲಿ ಓಡಾಡಿಸಿ, ನುಂಗಿ, ನಾಲಿಗೆಯನ್ನು ಅಂಗುಳಕ್ಕೆ ಎಳೆಯಿರಿ. ಅದೇ ಟೀ. ನನಗೆ ಒಗರು ಮೊದಲಿಗಿಂತ ಜೋರಾಗಿದೆ. ನಿಮಗೆ ಹೇಗಿದೆ? ಹಿಂದಿನ ಸಾಲಿನವರೇ, ಈ ಸಲ ನೀವೇ ಮೊದಲು ಹೇಳಿ.